ಪ್ಯಾಲೆಟ್ ಟ್ರಕ್ಕಿನ ಹ್ಯಾಂಡಲ್ ಬುಡದ ರಬ್ಬರ್ ಬುಷ್ ಪುಡಿಯಾಗಿದೆ, ಬದಲಿಗೆ ಯಾವುದು ಹಾಕೋದು?

ಗೋಡೌನ್_ಹುಡುಗ

ಎಲ್ಲರಿಗೂ ನಮಸ್ಕಾರ. ನೆಲಮಂಗಲದ ಹತ್ತಿರ ಒಂದು ಸಣ್ಣ ಗೋಡೌನ್ ನೋಡಿಕೊಳ್ಳುತ್ತೇನೆ. ಕೈಯಲ್ಲಿ ಎಳೆಯುವ ಪ್ಯಾಲೆಟ್ ಟ್ರಕ್ ಮೂರು ಇವೆ. ಮೂರೂ 2500 ಕೆಜಿಯವು, ಫೋರ್ಕ್ ಉದ್ದ 1150 ಮಿಮೀ. ಎರಡು ಚೆನ್ನಾಗಿವೆ. ಮೂರನೆಯದು ಹಳೆಯದು, ನಾನು ಕೆಲಸಕ್ಕೆ ಸೇರುವ ಮೊದಲಿಂದ ಇದೆ.

ಅದರ ಹ್ಯಾಂಡಲ್ ಗಡಗಡ ಅಲುಗುತ್ತೆ. ಹಿಡಿಯ ಹತ್ತಿರ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿದರೆ ನಾಲ್ಕು ಬೆರಳಷ್ಟು ಆಟ ಇದೆ. ಎಳೆದುಕೊಂಡು ಹೋಗುವಾಗ ಆಚೆ ಬೀದಿಗೂ ಕೇಳಿಸುವಷ್ಟು ಸದ್ದು. ಟ್ರಕ್ ನಿಲ್ಲಿಸಿದ ಕಡೆ ಕೆಳಗೆ ಕಪ್ಪು ಚೂರು ಬಿದ್ದಿರುತ್ತೆ, ಕೈಯಲ್ಲಿ ಹಿಸುಕಿದರೆ ಪುಡಿ. ಹುಡುಗರು ನೋಡಿ "ಅಣ್ಣ, ರಬ್ಬರ್ ಬುಷ್ ಹೋಗಿದೆ" ಅಂದರು. ಸರ್ವಿಸ್‌ನವರನ್ನ ಕರೆಸಿದೆ. ಅವರು ಎರಡು ನಿಮಿಷ ನೋಡಿ ಪಂಪ್ ಸೆಟ್ ಪೂರ್ತಿ ಬದಲಿಸಬೇಕು ಅಂತ ಹೇಳಿ ಹೋದರು. ಆನ್‌ಲೈನಲ್ಲಿ ನೋಡಿದರೆ "ರಬ್ಬರ್ ಬುಷ್ ಸೆಟ್, ಎಲ್ಲ ಪ್ಯಾಲೆಟ್ ಟ್ರಕ್ಕಿಗೂ ಕೂರುತ್ತದೆ" ಅಂತ ಒಂದು ಪೊಟ್ಟಣ ಮಾರುತ್ತಿದ್ದಾರೆ. ಅಳತೆ ಮಾತ್ರ ಎಲ್ಲೂ ಬರೆದಿಲ್ಲ.

ಇನ್ನೊಂದು ಕಾಟ ಇದೆ. ಪೂರ್ತಿ ಎತ್ತಿದಾಗ ಎಡಗಡೆ ಫೋರ್ಕಿನ ತುದಿ ಬಲಗಡೆಯದಕ್ಕಿಂತ ಸುಮಾರು 10 ಮಿಮೀ ಕೆಳಗೆ ನಿಲ್ಲುತ್ತೆ. ಇದೂ ಬುಷ್‌ನಿಂದಲೇನಾ? ಆ ಪೊಟ್ಟಣ ತರಿಸಲಾ, ಬೇಡವಾ?

ಲೇತ್_ಮಾವ

ತರಿಸಬೇಡಿ. ಮೊದಲು ಒಂದು ಮಾತು. ಹ್ಯಾಂಡಲ್ ತಿರುಗುವ ಪಿನ್ನಿನ ಸುತ್ತ ಕೂರುವ ಕೊಳವೆ, ಅದೇ ಬುಷ್, ರಬ್ಬರ್ ಆಗಿರೋ ಸಾಧ್ಯತೆ ತುಂಬಾ ಕಡಿಮೆ. ಪೀಣ್ಯದಲ್ಲಿ ಲೇತ್ ಹಾಕಿಕೊಂಡು ಇಪ್ಪತ್ತು ವರ್ಷ ಆಯ್ತು, ಈ ಟ್ರಕ್ಕುಗಳ ಪಿನ್ನು ಬುಷ್ಷು ವಾರಕ್ಕೊಂದಾದರೂ ಬರುತ್ತೆ. ಎಲ್ಲರೂ ರಬ್ಬರ್ ಬುಷ್ ಅಂತಲೇ ಹೇಳಿಕೊಂಡು ಬರುತ್ತಾರೆ. ಬಿಚ್ಚಿ ನೋಡಿದರೆ ನೈಲಾನ್ ಇರುತ್ತೆ, ಇಲ್ಲ ಗನ್‌ಮೆಟಲ್ ಅನ್ನೋ ಒಂದು ಜಾತಿ ಕಂಚು, ಇಲ್ಲ ತೆಳ್ಳಗೆ ತಗಡು ಸುತ್ತಿದ ಹಾಗಿರುವ ಡಿಯು ಬುಷ್. ಕಪ್ಪಗಿದ್ದದ್ದೆಲ್ಲ ರಬ್ಬರ್ ಅಲ್ಲ. ಗ್ರೀಸು ಧೂಳು ಸೇರಿ ಎಲ್ಲವೂ ಕಪ್ಪಗೇ ಆಗಿರುತ್ತೆ.

ಬಿಚ್ಚಿ ಫೋಟೋ ಹಾಕಿ. ಬಿಚ್ಚದೆ ಏನನ್ನೂ ಕೊಳ್ಳಬೇಡಿ.

ಗ್ಯಾರೇಜ್_ರಾಜ

ಯಾಕೆ ರಬ್ಬರ್ ಆಗಬಾರದು? ಕಾರಿನ ಸಸ್ಪೆನ್ಷನ್ ಪೂರ್ತಿ ರಬ್ಬರ್ ಬುಷ್ ಮೇಲೆ ನಿಂತಿದೆ. ಒಂದೂವರೆ ಟನ್ ಗಾಡಿ ಹಳ್ಳ ದಿಣ್ಣೆಯಲ್ಲಿ ಹಾರುತ್ತೆ, ಏನೂ ಆಗಲ್ಲ. ಇದು ಸುಮ್ನೆ ಒಂದು ಹ್ಯಾಂಡಲ್.

ಲೇತ್_ಮಾವ

ರಾಜ, ನೀನು ಹೇಳ್ತಿರೋದು ಸೈಲೆಂಟ್ ಬ್ಲಾಕ್. ಅದರ ಒಳಗಿನ ಉಕ್ಕಿನ ಕೊಳವೆಗೂ ಹೊರಗಿನ ಕೊಳವೆಗೂ ರಬ್ಬರ್ ಅಂಟಿಕೊಂಡಿರುತ್ತೆ. ಅಲ್ಲಿ ಏನೂ ಜಾರಲ್ಲ, ರಬ್ಬರ್ ತಿರುಚಿಕೊಳ್ಳುತ್ತೆ ಅಷ್ಟೇ. ಕೆಲವೇ ಡಿಗ್ರಿ ತಿರುಚಿ ವಾಪಸ್ ಬರುತ್ತೆ. ಅದಕ್ಕೇ ಅಲ್ವಾ ನೀವು ಆ ಬೋಲ್ಟನ್ನ ಗಾಡಿ ನೆಲದ ಮೇಲೆ ನಿಂತಾಗ ಬಿಗಿ ಮಾಡೋದು? ಜಾಕ್ ಮೇಲೆ ಇದ್ದಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಹರಿದುಹೋಗುತ್ತೆ.

ಇಲ್ಲಿ ಹ್ಯಾಂಡಲ್ ಒಂದು ಸಲ ಇಳಿದು ಹತ್ತಿದರೆ ಹತ್ತಿರ ಹತ್ತಿರ 90 ಡಿಗ್ರಿ ಓಡುತ್ತೆ. ಒಂದು ಪ್ಯಾಲೆಟ್ ಎತ್ತಲು ಹತ್ತು ಹನ್ನೆರಡು ಸಲ ಪಂಪ್ ಹೊಡೀತಾರೆ. ದಿನಕ್ಕೆ ನೂರು ಪ್ಯಾಲೆಟ್ ಅಂದರೆ ಸಾವಿರ ಸಲ ದಾಟಿತು. ಅಷ್ಟು ಓಡಾಟಕ್ಕೆ ಜಾರೋ ವಸ್ತು ಬೇಕು. ರಬ್ಬರ್ ಜಾರಲ್ಲ, ಕಚ್ಚುತ್ತೆ. ಚಪ್ಪಲಿಗೆ ರಬ್ಬರ್ ಹಾಕೋದೇ ಅದಕ್ಕೆ.

ತೂಕದ ಲೆಕ್ಕಾನೂ ನೋಡು. ನನ್ನ ಹತ್ತಿರ ಬಂದ ಒಂದರಲ್ಲಿ ಅಳೆದಿದ್ದೆ. ಪಿನ್ನಿನಿಂದ ಹಿಡಿಗೆ 1100 ಮಿಮೀ, ಪಿನ್ನಿನಿಂದ ಪಂಪ್ ಒತ್ತುವ ರೋಲರಿಗೆ 55 ಮಿಮೀ. ಇಪ್ಪತ್ತು ಪಟ್ಟು ಆಯ್ತು. ಹುಡುಗ ಮೇಲೆ 25 ಕೆಜಿ ಭಾರ ಹಾಕಿದರೆ ಬುಡದಲ್ಲಿ ಅರ್ಧ ಟನ್. ಸುಮ್ನೆ ಒಂದು ಹ್ಯಾಂಡಲ್ ಅಲ್ಲ ಅದು.

ಗ್ಯಾರೇಜ್_ರಾಜ

ಸರಿ ಮಾವ, ಒಪ್ಪಿದೆ. ಅರ್ಧ ಟನ್ ಅಂತ ಗೊತ್ತಿರಲಿಲ್ಲ.

ಸ್ಟೋರ್_ಶೋಭಾ

ಇದು ನಮ್ಮ ಕಾರ್ಖಾನೆಯ ಕಥೇನೂ ಹೌದು. ಮೈಸೂರಿನ ಕಡೆ, ನಾನು ಸ್ಟೋರ್ ನೋಡುತ್ತೇನೆ. ನಾನು ಬರುವ ಮುಂಚೆ ಯಾರೋ ಇಂಡೆಂಟಿನಲ್ಲಿ "ರಬ್ಬರ್ ಬುಷ್, 20 ಮಿಮೀ" ಅಂತ ಬರೆದಿದ್ದಾರೆ. ಖರೀದಿಯವರು ಬರೆದಿದ್ದನ್ನೇ ತರಿಸಿದ್ದಾರೆ. ನಿಜವಾಗಿ ರಬ್ಬರಿನದೇ, 40 ಪೀಸು. ಒಂದೂ ಉಪಯೋಗಕ್ಕೆ ಬಂದಿಲ್ಲ. ಈಗ ಕಲ್ಲಿನ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿವೆ, ಆಡಿಟ್‌ಗೋಸ್ಕರ ಎಸೆಯೋ ಹಾಗೂ ಇಲ್ಲ.

ಅದಾದ ಮೇಲೆ ನಾನು ಹೆಸರು ನಂಬೋದು ಬಿಟ್ಟೆ. ಇಂಡೆಂಟಿನಲ್ಲಿ ಒಳವ್ಯಾಸ, ಹೊರವ್ಯಾಸ, ಉದ್ದ, ಕಾಲರ್ ಇದೆಯಾ ಇಲ್ಲವಾ, ಯಾವ ವಸ್ತು, ಇಷ್ಟೂ ಬರೆಯದಿದ್ದರೆ ಸಹಿ ಹಾಕಲ್ಲ. ಹಳೇ ಪೀಸನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಾಗದಕ್ಕೆ ಪಿನ್ ಮಾಡಿಸುತ್ತೇನೆ. ಎಲ್ಲರೂ ಬೈಕೊಳ್ಳುತ್ತಾರೆ. ಬೈಕೊಳ್ಳಲಿ.

ಮಲ್ಪೆ_ಮಂಜ

ನಮ್ಮಲ್ಲಿ ಕಪ್ಪು ಚೂರು ಬೀಳೋದಕ್ಕೆ ಬೇರೆ ಕಾರಣ ಇತ್ತು ಮಾರಾಯ್ರೇ. ಮೀನಿನ ಐಸ್ ಬಾಕ್ಸ್ ಎಳೆಯೋ ಟ್ರಕ್, ದಿನಾ ಉಪ್ಪು ನೀರು. ಅದರಲ್ಲಿ ಪಿಯು ಅಂದರೆ ಪಾಲಿಯುರಿಥೇನ್ ಬುಷ್ ಹಾಕಿದ್ದರು. ಎರಡು ಮಳೆಗಾಲಕ್ಕೆ ಮೊದಲು ಅಂಟು ಅಂಟಾಯ್ತು, ಆಮೇಲೆ ಒಣ ಬೆಲ್ಲದ ಹಾಗೆ ಉದುರಿತು. ಮನೆಯಲ್ಲಿ ಡಬ್ಬಿಯಲ್ಲೇ ಇಟ್ಟ ಶೂ ಒಂದು ದಿನ ಹಾಕಿಕೊಂಡರೆ ಸೋಲ್ ಪುಡಿಪುಡಿ ಆಗುತ್ತಲ್ಲ, ಅದೇ ಕಾಯಿಲೆ. ನೀರು, ಗಾಳಿಯ ತೇವ ಪಿಯುವಿನ ಒಳಗೆ ಹೋಗಿ ಅದನ್ನ ಮುರಿಯುತ್ತೆ. ಪಾಲಿಯೆಸ್ಟರ್ ಜಾತಿಯ ಪಿಯು ಬೇಗ ಹೋಗುತ್ತೆ, ಪಾಲಿಈಥರ್ ಜಾತಿಯದು ನೀರಿಗೆ ತಡೆಯುತ್ತೆ. ಅಂಗಡಿಯಲ್ಲಿ ಕೇಳಿದರೆ ಯಾವುದು ಅಂತ ಹೇಳೋರು ಸಿಗೋದು ಕಷ್ಟ.

ಈಗ ನಾವು ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿಸಿದ್ದೇವೆ. ಲೇತಿನಲ್ಲಿ ಮಾಡಿಸಿದ್ದು. ಉಪ್ಪು ನೀರಿಗೆ ಜಪ್ಪಯ್ಯ ಅಂದರೂ ಏನೂ ಆಗಿಲ್ಲ. ಪಿನ್ ಮಾತ್ರ ತುಕ್ಕು ಹಿಡಿಯಿತು, ಅದನ್ನ ಸ್ಟೇನ್‌ಲೆಸ್ ಮಾಡಿಸಿದೆವು.

ಲೇತ್_ಮಾವ

ಮಂಜ ಹೇಳಿದ್ದು ಸರಿ. ನೀರಿರುವ ಕಡೆ ನೈಲಾನ್ ಬೇಡ, ಡೆಲ್ರಿನ್ ಒಳ್ಳೇದು. ನೈಲಾನ್ ನೀರು ಕುಡಿದು ಉಬ್ಬುತ್ತೆ. ನನಗೇ ಒಂದು ಸಲ ಪೆಟ್ಟು ಬಿತ್ತು. ಏಪ್ರಿಲ್‌ನಲ್ಲಿ ಒಬ್ಬರಿಗೆ ನೈಲಾನ್ ಬುಷ್ ಬಿಗಿಯಾಗಿ, ಆಟವೇ ಇಲ್ಲದ ಹಾಗೆ ಚೆಂದ ಮಾಡಿ ಕೊಟ್ಟೆ. ಜುಲೈನಲ್ಲಿ ಫೋನ್ ಬಂತು, ಹ್ಯಾಂಡಲ್ ಇಳಿಸಿದರೆ ಮೇಲೆ ಬರ್ತಿಲ್ಲ ಅಂತ. ಬುಷ್ ಉಬ್ಬಿ ಪಿನ್ನನ್ನ ಹಿಡಿದುಬಿಟ್ಟಿತ್ತು. ಈಗ 20 ಮಿಮೀ ಪಿನ್ನಿಗೆ ನೈಲಾನ್ ಮಾಡಿದರೆ 0.2, 0.3 ಮಿಮೀ ಸಡಿಲ ಬಿಟ್ಟೇ ಬಿಡುತ್ತೇನೆ. ಗನ್‌ಮೆಟಲ್ ಆದರೆ ಅಷ್ಟೆಲ್ಲ ಬೇಡ, 0.05ರಿಂದ 0.1 ಸಾಕು.

ಚಿಕ್ಕನಾಯಕನಹಳ್ಳಿ_ಪೈಪು

ನಗಬೇಡಿ. ನಾನು ಕೊಬ್ಬರಿ ಗೋಡೌನಿನಲ್ಲಿ ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಪಿನ್ನಿಗೆ ಸುತ್ತಿದ್ದೆ. ನಾಲ್ಕು ದಿನ ಬಂತು. ಆಮೇಲೆ ಬೋರ್‌ವೆಲ್ಲಿಗೆ ಬಿಡುವ ಕಪ್ಪು ಎಚ್‌ಡಿಪಿಇ ಪೈಪಿನ ತುಂಡು ಇತ್ತು, ಕೊಯ್ದು ಬಡಿದು ಕೂರಿಸಿದೆ. ಎಂಟು ತಿಂಗಳು ಬಂತು!

ಲೇತ್_ಮಾವ

ನಗಲ್ಲ. ಎಚ್‌ಡಿಪಿಇ ಜಾರುವ ಜಾತಿ, ಕನ್ವೇಯರಿನಲ್ಲಿ ಜಾರುಪಟ್ಟಿಗೆ ಹಾಕುವ ಬಿಳಿ ಯುಎಚ್‌ಎಂಡಬ್ಲ್ಯುಪಿಇ ಅದರ ಅಣ್ಣ. ಅದಕ್ಕೇ ಟ್ಯೂಬ್ ನಾಲ್ಕು ದಿನ, ಪೈಪು ಎಂಟು ತಿಂಗಳು. ಆದರೆ ಪೈಪು ಮೆತ್ತಗೆ. ಭಾರ ಬೀಳುವ ಕಡೆ ಒತ್ತಿ ಒತ್ತಿ ಚಪ್ಪಟೆ ಆಗುತ್ತೆ. ಎಂಟು ತಿಂಗಳಾದ ಮೇಲೆ ತೆಗೆದಾಗ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿತ್ತಾ ಇಲ್ಲವಾ?

ಚಿಕ್ಕನಾಯಕನಹಳ್ಳಿ_ಪೈಪು

ಆಗಿತ್ತು. ಮತ್ತೆ ಪೈಪನ್ನೇ ಹಾಕಿದ್ದೀನಿ.

ಗೋಡೌನ್_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬಿಚ್ಚೋಣ ಅಂದುಕೊಂಡಿದ್ದೇನೆ. ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಸುತ್ತಿಗೆ, ಒಂದು ಹಳೇ ವರ್ನಿಯರ್ ಇದೆ. ಏನಾದರೂ ಎಚ್ಚರಿಕೆ ಇದ್ದರೆ ಹೇಳಿ.

ಉದ್ಯಮಬಾಗ್_ಬಸು

ನಾನು ಬೆಳಗಾವಿಯ ಉದ್ಯಮಬಾಗಿನವ, ಹೈಡ್ರಾಲಿಕ್ ಕೆಲಸ. ಎಚ್ಚರಿಕೆ ಇದೆ ನೋಡ್ರಿ, ದೊಡ್ಡದು.

ಹ್ಯಾಂಡಲ್ಲನ್ನ ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಪಂಪಿನ ಪಿಸ್ಟನ್ನಿನ ಮೇಲೆ ಕೂತಿರುತ್ತದೆ. ಗಟ್ಟಿ ಸ್ಪ್ರಿಂಗ್ ಅದು. ಸುಮ್ನೆ ಪಿನ್ ಹೊಡೆದು ಹ್ಯಾಂಡಲ್ ತೆಗೆದರೆ ಸ್ಪ್ರಿಂಗ್ ಮುಖಕ್ಕೇ ಬರುತ್ತದೆ. ಟ್ರಕ್ ಹೊಸದಾಗಿ ಡಬ್ಬಿಯಲ್ಲಿ ಬಂದಾಗ ಬುಡದಲ್ಲಿ ಒಂದು ಲಾಕ್ ಪಿನ್ ಹಾಕಿರುತ್ತಾರೆ, ಹ್ಯಾಂಡಲ್ ಜೋಡಿಸಿದ ಮೇಲೆ ಅದನ್ನ ಕಿತ್ತು ಎಲ್ಲರೂ ಎಸೆಯುತ್ತಾರೆ. ಈಗ ಅದೇ ಬೇಕು. ಹ್ಯಾಂಡಲ್ಲನ್ನ ಕೆಳಗೆ ಒತ್ತಿ ಹಿಡಿದು, ಆ ತೂತಿಗೆ ಸರಿಯಾದ ಗಾತ್ರದ ಬೋಲ್ಟ್ ತೂರಿಸಿ. ಇಬ್ಬರು ಬೇಕು. ಒಬ್ಬ ಒತ್ತೋಕೆ, ಒಬ್ಬ ತೂರಿಸೋಕೆ.

ಫೋರ್ಕ್ ಪೂರ್ತಿ ಇಳಿಸಿ, ಮೇಲೆ ಏನೂ ಭಾರ ಇರಬಾರದು. ಹ್ಯಾಂಡಲ್ ಒಳಗೆ ಒಂದು ಸಣ್ಣ ಚೈನ್ ಇಳಿದು ಬಂದು ಕೆಳಗಿನ ಲಿವರಿಗೆ ಸಿಕ್ಕಿಕೊಂಡಿರುತ್ತದೆ. ಇಳಿಸುವ ವಾಲ್ವಿಗೆ ಹೋಗೋದು ಅದು. ಅದನ್ನ ಮೊದಲು ಬಿಡಿಸಿ, ನಟ್ಟಿನ ಕೆಳಗೆ ಎಷ್ಟು ಸುತ್ತು ದಾರ (ಥ್ರೆಡ್) ಕಾಣಿಸುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವಾಪಸ್ ಹಾಕಿದ ಮೇಲೆ ಎತ್ತಿದ್ದು ನಿಲ್ಲೋದೇ ಇಲ್ಲ, ಇಲ್ಲ ಇಳಿಯೋದೇ ಇಲ್ಲ. ಆಮೇಲೆ ಪಂಪ್ ಕೆಟ್ಟಿದೆ ಅಂತ ಅಳುತ್ತಾ ಕೂರುತ್ತೀರಿ.

ಪಿನ್ನನ್ನ ಅಡ್ಡಲಾಗಿ ಹಿಡಿದಿರೋದು ರೋಲ್ ಪಿನ್, ತಗಡು ಸುತ್ತಿ ಮಾಡಿದ ಟೊಳ್ಳು ಪಿನ್. ಮೊಳೆ ಇಟ್ಟು ಹೊಡೆಯಬೇಡಿ, ಪಿನ್ ಪಂಚ್ ತನ್ನಿ. ಮೊಳೆ ರೋಲ್ ಪಿನ್ನಿನ ಒಳಗೇ ಸಿಕ್ಕಿ ಮುರಿದುಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ.

ಜೆಬೆಲ್_ಅಲಿ_ಕನ್ನಡಿಗ

ದುಬೈಯಿಂದ. ನಮ್ಮ ವೇರ್‌ಹೌಸಿನಲ್ಲಿ ಅರವತ್ತು ಚಿಲ್ಲರೆ ಇವೆ, ನಾಲ್ಕೈದು ಕಂಪನಿಯವು. ದೂರದಿಂದ ಎಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಕಾಣುತ್ತವೆ. ಚಕ್ರದ ಬೇರಿಂಗ್ ಮಟ್ಟಿಗೆ ಅದು ನಿಜ. ನಮ್ಮಲ್ಲಿರುವ ಎಲ್ಲದಕ್ಕೂ 6204 ಬೇರಿಂಗ್, ಒಳಗೆ 20, ಹೊರಗೆ 47, ದಪ್ಪ 14. ಬುಷ್ ವಿಷಯಕ್ಕೆ ಬಂದರೆ ಹಾಗಲ್ಲ. ಒಂದರಲ್ಲಿ ಹೊರವ್ಯಾಸ 23, ಇನ್ನೊಂದರಲ್ಲಿ 24, ಮತ್ತೊಂದರಲ್ಲಿ 26. ಎಲ್ಲ ಟ್ರಕ್ಕಿಗೂ ಕೂರುತ್ತೆ ಅಂತ ಮಾರೋ ಪೊಟ್ಟಣ ಯಾವ ಟ್ರಕ್ಕಿಗೂ ಸರಿಯಾಗಿ ಕೂರಲ್ಲ. ನಾನು ಎರಡು ಸಲ ತರಿಸಿ ಮೋಸ ಹೋಗಿದ್ದೇನೆ, ಅದಕ್ಕೇ ಹೇಳ್ತಿದ್ದೀನಿ.

ನಾಮಫಲಕದ ಫೋಟೋ ತೆಗೆದು ಮಾದರಿ ಸಂಖ್ಯೆ ಕೊಟ್ಟು ಕಂಪನಿಯಿಂದಲೇ ಪಾರ್ಟ್ ಕೇಳೋದು ಒಂದು ದಾರಿ. ಅಳತೆ ತೆಗೆದು ಲೇತಿಗೆ ಹೋಗೋದು ಇನ್ನೊಂದು.

ಗೋಡೌನ್_ಹುಡುಗ

ನಾಮಫಲಕ ಕಿತ್ತು ಹೋಗಿ ಯಾವ ಕಾಲ ಆಯ್ತೋ. ಎರಡು ರಿವೆಟ್ ತೂತು ಮಾತ್ರ ಉಳಿದಿದೆ.

ಗೋಡೌನ್_ಹುಡುಗ

ಬಿಚ್ಚಿದೆ. ಬಸು ಅಣ್ಣ ಹೇಳಿದ ಹಾಗೇ ಇಬ್ಬರು ಸೇರಿ ಒತ್ತಿ ಬೋಲ್ಟ್ ತೂರಿಸಿದೆವು. ರೋಲ್ ಪಿನ್ ಬರೋಕೇ ಮುಕ್ಕಾಲು ಗಂಟೆ ಹಿಡಿಯಿತು.

ಈಗ ಸಿಕ್ಕಿದ್ದು ಕೇಳಿ. ಕಪ್ಪು ಚೂರು ಬುಷ್ಷಿಂದ ಬಂದಿದ್ದೇ ಅಲ್ಲ! ಹ್ಯಾಂಡಲ್ ನೆಟ್ಟಗೆ ನಿಂತಾಗ ಹಿಂದೆ ಒರಗಿಕೊಳ್ಳುವ ಕಡೆ ಒಂದು ರಬ್ಬರ್ ಸ್ಟಾಪರ್ ಇದೆ. ಅಣಬೆ ಆಕಾರ, ಹಿಂದೆ ಬೋಲ್ಟಿನ ಹಾಗೆ ಬಾಲ. ಅದು ಮುಕ್ಕಾಲು ಭಾಗ ಉದುರಿಹೋಗಿದೆ. ಹ್ಯಾಂಡಲ್ ಬಿಟ್ಟಾಗೆಲ್ಲ ಟಣ್ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದ್ದದ್ದು ಅದಕ್ಕೇ.

ಪಿನ್ನಿನ ಬುಷ್ ಬೇರೆ. ಎರಡು ಕಡೆ ಎರಡು. ತೆಳ್ಳಗೆ, ಉದ್ದಕ್ಕೆ ಒಂದು ಸೀಳು ಇದೆ. ಹೊರಗೆ ಉಕ್ಕಿನ ಬಣ್ಣ, ಒಳಗೆ ಅಂಚಿನಲ್ಲಿ ಮಾತ್ರ ಸ್ವಲ್ಪ ಬೂದು ಬಣ್ಣದ ಪದರ ಉಳಿದಿದೆ. ಮಧ್ಯದಲ್ಲಿ ತಾಮ್ರದ ಬಣ್ಣ ಕಾಣುತ್ತೆ, ಒಂದು ಕಡೆ ಅದೂ ಹೋಗಿ ಬಿಳಿ ಉಕ್ಕು. ಪಿನ್ ಅಳೆದೆ. ಸವೆಯದ ತುದಿಯಲ್ಲಿ 19.96, ಬುಷ್ ಕೂರುವ ಕಡೆ 19.3. ಬೆರಳು ಸವರಿದರೆ ಮೆಟ್ಟಿಲು ಸಿಗುತ್ತೆ. ಬುಷ್ ಕೂರುವ ಮನೆ 23.0 ಒಂದು ಕಡೆ, ಇನ್ನೊಂದು ಕಡೆ ಅಡ್ಡಡ್ಡ 23.0, ಉದ್ದುದ್ದ 23.4.

ಲೇತ್_ಮಾವ

ನೋಡಿ, ರಬ್ಬರ್ ಇತ್ತು, ಆದರೆ ಬುಷ್ ಆಗಿರಲಿಲ್ಲ. ಪೊಟ್ಟಣ ತರಿಸಿದ್ದರೆ ಎರಡೂ ಕೆಲಸಕ್ಕೆ ಬರುತ್ತಿರಲಿಲ್ಲ.

ನಿಮ್ಮದು ಡಿಯು ಬುಷ್. ಉಕ್ಕಿನ ತಗಡು, ಅದರ ಮೇಲೆ ಕಂಚಿನ ಪುಡಿ ಕಾಯಿಸಿ ಅಂಟಿಸಿದ ಪದರ, ಅದರೊಳಗೆ ಟೆಫ್ಲಾನ್. ನೀವು ನೋಡಿದ ಬೂದು ಬಣ್ಣ ಟೆಫ್ಲಾನಿನದು, ತಾಮ್ರದ ಬಣ್ಣ ಕಂಚು. 20 ಪಿನ್ನಿಗೆ 23 ಹೊರವ್ಯಾಸ ಅನ್ನೋದು ಅದರ ಮಾಮೂಲಿ ಅಳತೆ, ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತೆ. ಉದ್ದ ಮಾತ್ರ ನೋಡಿ ತಗೊಳ್ಳಿ.

ಆದರೆ ಬರೀ ಬುಷ್ ಹಾಕಿದರೆ ದುಡ್ಡು ದಂಡ. ಪಿನ್ 0.7 ಸವೆದಿದೆ. ಹೊಸ ಬುಷ್ಷಿನಲ್ಲಿ ಆ ಪಿನ್ ಮೊದಲ ದಿನವೇ ಗಡಗಡ ಅನ್ನುತ್ತೆ, ಮೆಟ್ಟಿಲಿನ ಅಂಚು ಟೆಫ್ಲಾನನ್ನ ತುರಿಮಣೆ ಹಾಗೆ ತುರಿದುಹಾಕುತ್ತೆ. ಪಿನ್ ಹೊಸದು ಬೇಕೇ ಬೇಕು. ಇನ್ನು ಆ 23.4 ಆಗಿರುವ ಮೊಟ್ಟೆ ತೂತು. ಅದಕ್ಕೆ ಡಿಯು ನಿಲ್ಲಲ್ಲ. ಅಷ್ಟು ತೆಳ್ಳನೆ ಬುಷ್, ಮನೆ ದುಂಡಗಿದ್ದರೆ ಮಾತ್ರ ದುಂಡಗಿರುತ್ತೆ. ಆ ಕಡೆಯನ್ನ 26ಕ್ಕೆ ಬೋರ್ ಮಾಡಿಸಿ ದಪ್ಪ ಗನ್‌ಮೆಟಲ್ ಬುಷ್ ಹಾಕಿಸಿ. ಎರಡೂ ಕಡೆ ಒಂದೇ ಥರ ಮಾಡಿಸಿದರೆ ಇನ್ನೂ ಒಳ್ಳೇದು.

ಉದ್ಯಮಬಾಗ್_ಬಸು

ಪಿನ್ನಿಗೆ ಒಂದು ಉಪಾಯ. ಹಳೇ ಹೈಡ್ರಾಲಿಕ್ ಸಿಲಿಂಡರಿನ ಕ್ರೋಮ್ ರಾಡ್ ತುಂಡು ಗುಜರಿಯಲ್ಲಿ ಸಿಗುತ್ತದೆ. 20 ಮಿಮೀ ಸಿಕ್ಕಿದರೆ ಹೊರಮೈ ಮುಟ್ಟೋದೇ ಬೇಡ, ಉದ್ದಕ್ಕೆ ಕತ್ತರಿಸಿ ರೋಲ್ ಪಿನ್ನಿಗೆ ತೂತು ಹೊಡೆದರೆ ಆಯ್ತು. ನುಣುಪು ಗಾಜಿನ ಹಾಗೆ ಇರುತ್ತದೆ. ಸಿಗದಿದ್ದರೆ ಇಎನ್8 ಉಕ್ಕು ತಗೊಂಡು ಮೇಲ್ಮೈ ಗಟ್ಟಿ ಮಾಡಿಸಿ. ಮಾಮೂಲಿ ಎಂಎಸ್ ಅಂದರೆ ಮೆತ್ತನೆ ಉಕ್ಕಿನ ರಾಡಿನಲ್ಲಿ ಮಾತ್ರ ಮಾಡಿಸಬೇಡಿ, ಆರು ತಿಂಗಳಿಗೆ ಮತ್ತೆ ಇಲ್ಲೇ ಬಂದು ಬರೆಯುತ್ತೀರಿ.

ಇನ್ನೊಂದು. ಡಿಯು ಬುಷ್ ಹಾಕಿದ ಮೇಲೆ ಪಿನ್ ಬಿಗಿ ಅಂತ ರೀಮರ್ (ತೂತನ್ನ ಒಳಗಿಂದ ಕೆರೆದು ಅಳತೆಗೆ ತರುವ ಹತಾರ) ಹಾಕಬೇಡಿ. ಟೆಫ್ಲಾನ್ ಪದರ ಕೂದಲೆಳೆಯಷ್ಟೂ ದಪ್ಪ ಇರೋದಿಲ್ಲ. ಒಂದು ಸಲ ರೀಮರ್ ಓಡಿದರೆ ಪೂರ್ತಿ ಹೋಯ್ತು. ಗನ್‌ಮೆಟಲ್ಲಿಗೆ ಹಾಗಲ್ಲ. ಒತ್ತಿ ಕೂರಿಸಿದಾಗ ಒಳವ್ಯಾಸ ಸ್ವಲ್ಪ ಕುಗ್ಗುತ್ತದೆ, ಕೂರಿಸಿದ ಮೇಲೆ ರೀಮರ್ ಹಾಕಲೇಬೇಕು.

ಗ್ಯಾರೇಜ್_ರಾಜ

ಕೂರಿಸೋದು ಹೇಗೆ ಅಂತ ನಾನು ಹೇಳಲಾ? ಇದು ನಮ್ಮ ದಿನದ ಕೆಲಸ. ಸುತ್ತಿಗೆಯಲ್ಲಿ ಬುಷ್ ಹೊಡೆಯಬೇಡಿ, ಬಾಯಿ ಅಗಲ ಆಗುತ್ತೆ. ಬುಷ್ಷನ್ನ ರಾತ್ರಿ ಫ್ರೀಜರಿನಲ್ಲಿ ಇಡಿ, ಮನೆಯವರು ಕೇಳಿದರೆ ಏನಾದರೂ ಹೇಳಿ. ಬೆಳಿಗ್ಗೆ ಒಂದು ಉದ್ದನೆ ಬೋಲ್ಟ್, ಎರಡು ದಪ್ಪ ವಾಷರ್, ನಟ್. ಬೋಲ್ಟ್ ಮನೆಯ ಮೂಲಕ ತೂರಿಸಿ, ಒಂದು ಕಡೆ ಬುಷ್ ಮೇಲೆ ವಾಷರ್, ಇನ್ನೊಂದು ಕಡೆ ವಾಷರ್ ನಟ್. ಸ್ಪ್ಯಾನರಿನಲ್ಲಿ ನಿಧಾನ ತಿರುಗಿಸುತ್ತಾ ಹೋದರೆ ಬುಷ್ ನೆಟ್ಟಗೆ ಒಳಗೆ ಹೋಗುತ್ತೆ. ಮೊದಲ ಎರಡು ಮಿಮೀ ಮಾತ್ರ ಕಣ್ಣಿಟ್ಟು ನೋಡಿ, ಓರೆ ಹಿಡಿದರೆ ಅಲ್ಲೇ ವಾಪಸ್ ತೆಗೆಯಿರಿ.

ಸೀಳಿರುವ ಬುಷ್ ಆದರೆ ಸೀಳು ಭಾರ ಬೀಳದ ಕಡೆ ಬರಲಿ.

ಲೇತ್_ಮಾವ

ಭೇಷ್ ರಾಜ.

ಗೋಡೌನ್_ಹುಡುಗ

ಆ ಸ್ಟಾಪರಿಗೆ ಏನು ಮಾಡಲಿ? ಅದಂತೂ ನಿಜವಾದ ರಬ್ಬರೇ ಅಲ್ವಾ.

ಸ್ಟೋರ್_ಶೋಭಾ

ಅದಕ್ಕೆ ರಬ್ಬರೇ ಸರಿ, ಅಲ್ಲಿ ಬರೀ ಪೆಟ್ಟು ತಿನ್ನುವ ಕೆಲಸ. ಸ್ಟಡ್ ಇರುವ ರಬ್ಬರ್ ಬಫರ್ ಅಂತ ಕೇಳಿ, ಕಲಾಸಿಪಾಳ್ಯ, ಜೆಸಿ ರೋಡ್ ಕಡೆ ಆಟೋ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿ. ಹಳೆಯದರ ಬಾಲದ ದಾರ ಯಾವ ಅಳತೆ ಅಂತ ನೋಡಿಕೊಂಡು ಹೋಗಿ. ಒಂದು ಮಾತು, ಪಂಪಿನ ಪಕ್ಕದಲ್ಲೇ ಇರೋದರಿಂದ ಎಣ್ಣೆ ಮೆತ್ತಿಕೊಳ್ಳುತ್ತೆ. ಮಾಮೂಲಿ ನ್ಯಾಚುರಲ್ ರಬ್ಬರ್ ಖನಿಜ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತೆ. ನೈಟ್ರೈಲ್ ಕೇಳಿ. ಓ ರಿಂಗ್, ಆಯಿಲ್ ಸೀಲ್ ಮಾಡೋದು ಅದರಲ್ಲೇ. ಒಂದಕ್ಕೆ ಎರಡು ತಗೊಳ್ಳಿ, ನಲವತ್ತು ಬೇಡ.

ಜೆಬೆಲ್_ಅಲಿ_ಕನ್ನಡಿಗ

ಎಡ ಫೋರ್ಕಿನ ವಿಷಯ ಯಾರೂ ಮುಟ್ಟಲಿಲ್ಲವಲ್ಲ. ಮೊದಲು ಮುಂದಿನ ಸಣ್ಣ ರೋಲರ್ ಅಳೆಯಿರಿ, ಎಡದ್ದು ಬಲದ್ದು ಎರಡೂ. ಹೊಸದು 80 ಮಿಮೀ ಇರುತ್ತೆ. ಅನುಮಾನ ಇದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿ. ತಗ್ಗು ಜಾಗ ಬದಲಾಯಿಸಿದರೆ ರೋಲರ್. ಅಲ್ಲೇ ಉಳಿದರೆ ಕೆಳಗಿನ ಲಿಂಕ್.

ಗೋಡೌನ್_ಹುಡುಗ

ಎಡ 73, ಬಲ 79. ಎಡದ್ದರಲ್ಲಿ ಪಿಯು ಒಂದು ತುಂಡೇ ಎದ್ದುಹೋಗಿದೆ. ಹಾಗಾದರೆ ಸಿಕ್ಕಿತು ಬಿಡಿ ಕಾರಣ!

ಉದ್ಯಮಬಾಗ್_ಬಸು

ಅರ್ಧ ಸಿಕ್ಕಿತು. ವ್ಯಾಸದಲ್ಲಿ 6 ಕಡಿಮೆ ಅಂದರೆ ಎತ್ತರದಲ್ಲಿ 3 ಮಾತ್ರ ಕಡಿಮೆ. ನೀವು ಹೇಳಿದ್ದು 10. ಉಳಿದ 7 ಬೇರೆ ಕಡೆ ಇದೆ.

ಟ್ರಕ್ ಎತ್ತುವ ಬಗೆ ನೆನಪಿಸಿಕೊಳ್ಳಿ. ಪಂಪ್ ಎತ್ತೋದು ಹಿಂದಿನ ಭಾಗವನ್ನ ಮಾತ್ರ. ಅದು ಮೇಲೇರುವಾಗ ಕೆಳಗಿನ ರಾಕರ್ ಅನ್ನೋ ಲಿವರ್ ತಿರುಗುತ್ತದೆ. ರಾಕರ್ ಎರಡು ಫೋರ್ಕಿನ ಅಡಿಯ ಉದ್ದ ರಾಡುಗಳನ್ನ ಮುಂದಕ್ಕೆ ತಳ್ಳುತ್ತದೆ, ರಾಡು ಮುಂದಿನ ರೋಲರನ್ನ ಕೆಳಕ್ಕೆ ಒತ್ತುತ್ತದೆ. ಆ ದಾರಿಯಲ್ಲಿ ಒಂದೊಂದು ಕಡೆ ಮೂರು ನಾಲ್ಕು ಪಿನ್ನು. ಒಂದೊಂದರಲ್ಲಿ ಅರ್ಧ ಮಿಮೀ ಸವೆದರೂ ಎಲ್ಲ ಕೂಡಿಕೊಂಡು ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಟ್ರಕ್ಕನ್ನ ಮಗುಚಿ ಹಾಕಿ. ಎಪ್ಪತ್ತು ಎಂಬತ್ತು ಕೆಜಿ ಇರುತ್ತದೆ, ಇಬ್ಬರು ಸಾಕು. ಮಗುಚಿದರೆ ಪಂಪಿನೊಳಗೆ ಗಾಳಿ ಹೋಗಬಹುದು, ಹೆದರಬೇಡಿ. ನೆಟ್ಟಗೆ ಮಾಡಿದ ಮೇಲೆ ಇಳಿಸುವ ಲಿವರ್ ಹಿಡಿದುಕೊಂಡು ಹತ್ತು ಹದಿನೈದು ಸಲ ಪಂಪ್ ಹೊಡೆದರೆ ಗಾಳಿ ಹೋಗುತ್ತದೆ. ಮಗುಚಿದಾಗ ಎಡ ರಾಡನ್ನ ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಯಾವ ಪಿನ್ ಟಕ್ ಅನ್ನುತ್ತದೆ ಅಂತ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತದೆ. ಕೆಲವು ಟ್ರಕ್ಕಿನಲ್ಲಿ ರಾಡಿನ ತುದಿಗೆ ದಾರ ಇರುತ್ತದೆ, ಉದ್ದ ಹೊಂದಿಸಬಹುದು. ಸವೆದ ಪಿನ್ ಇಟ್ಟುಕೊಂಡು ಅದನ್ನ ತಿರುಗಿಸಿ ಸರಿ ಮಾಡಲು ಹೋಗಬೇಡಿ.

ಮಲ್ಪೆ_ಮಂಜ

ಮಗುಚಿದಾಗ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿ, ಇದೆಯಾ ನೋಡಿ. ನಮ್ಮದರಲ್ಲಿ ಇತ್ತು, ಆರು ವರ್ಷ ಯಾರಿಗೂ ಗೊತ್ತೇ ಇರಲಿಲ್ಲ. ಪೇಂಟ್ ಅಂತ ತಿಳಿದಿದ್ದೆವು.

ಗೋಡೌನ್_ಹುಡುಗ

ಮೂರು ವಾರ ಆದ ಮೇಲೆ ಬರೀತಿದ್ದೇನೆ, ಕ್ಷಮಿಸಿ, ಹಬ್ಬದ ಸೀಸನ್ ಲೋಡ್ ಇತ್ತು.

ಮಗುಚಿದೆವು. ಎಡಗಡೆ ರಾಕರಿಗೆ ರಾಡ್ ಸೇರುವ ಪಿನ್ನು, ಅದರಲ್ಲಿ ಬುಷ್ ಅನ್ನೋದೇ ಇರಲಿಲ್ಲ. ಸವೆದು, ಒಡೆದು, ಯಾವಾಗಲೋ ಬಿದ್ದುಹೋಗಿದೆ. ಪಿನ್ ನೇರ ಕಬ್ಬಿಣದ ತೂತಿನಲ್ಲಿ ಓಡಾಡಿ ಕುಂಬಳಬೀಜದ ಆಕಾರ ಮಾಡಿಟ್ಟಿತ್ತು. ನಿಪ್ಪಲ್ ಕೂಡ ಇತ್ತು ಮಂಜಣ್ಣ! ಎರಡು. ಮಣ್ಣು ಕೆರೆದ ಮೇಲೆ ಕಂಡಿತು.

ಲೇತಿನಲ್ಲಿ ನಾಲ್ಕು ಗನ್‌ಮೆಟಲ್ ಬುಷ್, ಎರಡು ಪಿನ್ ಮಾಡಿಸಿದೆ. ಕ್ರೋಮ್ ರಾಡ್ 20ರದ್ದು ಗುಜರಿಯಲ್ಲಿ ಸಿಕ್ಕಿತು. ತೂತುಗಳನ್ನ ಬೋರ್ ಮಾಡಿದ್ದೂ ಸೇರಿ 2200 ಆಯ್ತು. ರೋಲರ್ ಜೋಡಿ ಬೇರೆ. ಬುಷ್ ಕೂರಿಸಿದ್ದು ರಾಜಣ್ಣನ ಬೋಲ್ಟ್ ವಾಷರ್ ಉಪಾಯದಲ್ಲೇ. ಫ್ರೀಜರ್ ವಿಷಯಕ್ಕೆ ಮನೆಯಲ್ಲಿ ಬೈಸಿಕೊಂಡೆ, ಬುಷ್ಷನ್ನ ಬಟಾಣಿ ಪ್ಯಾಕೆಟ್ ಮೇಲೆ ಇಟ್ಟಿದ್ದೆ. ಸ್ಟಾಪರ್ ಜೆಸಿ ರೋಡಿನಲ್ಲಿ ಸಿಕ್ಕಿತು, ಎರಡು ತಂದೆ.

ಚೈನ್ ನಟ್ಟಿನ ದಾರ ಎಣಿಸಿಟ್ಟಿದ್ದೆ, ಆದರೂ ಮೊದಲ ಸಲ ಎತ್ತಿದ್ದು ನಿಧಾನಕ್ಕೆ ಇಳಿಯುತ್ತಿತ್ತು. ಹೊಸ ಬುಷ್ ಬಂದು ಹ್ಯಾಂಡಲ್ ತನ್ನ ಜಾಗಕ್ಕೆ ವಾಪಸ್ ಹೋಗಿದ್ದರಿಂದ ಚೈನ್ ಬಿಗಿ ಆಗಿತ್ತು ಅನ್ಸುತ್ತೆ. ನಟ್ ಒಂದು ಸುತ್ತು ಸಡಿಲ ಮಾಡಿದ ಮೇಲೆ ನಿಂತಿತು. ಫೋರ್ಕ್ ಈಗ ಎಡ ಬಲ ವ್ಯತ್ಯಾಸ 1 ಮಿಮೀಗಿಂತ ಕಡಿಮೆ.

ಉದ್ಯಮಬಾಗ್_ಬಸು

ಸರಿಯಾಗಿ ಹಿಡಿದಿರಿ, ಚೈನ್ ಬಿಗಿ ಇದ್ದರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ. ಪಂಪ್ ಸೆಟ್ ಬದಲಿಸಿ ಅಂದವರಿಗೆ ಒಂದು ಫೋಟೋ ಕಳಿಸಿ.

ಸ್ಟೋರ್_ಶೋಭಾ

ಅಳತೆಗಳನ್ನ ಟ್ರಕ್ಕಿನ ಮೇಲೆಯೇ ಪೇಂಟಿನಲ್ಲಿ ಬರೆಸಿ. ನಾಮಫಲಕ ಹೇಗೂ ಇಲ್ಲ.

ಗೋಡೌನ್_ಹುಡುಗ

ಬರೆಸಿದೆ ಮೇಡಂ, ಹ್ಯಾಂಡಲ್ ಬುಡದಲ್ಲಿ, ಬಿಳಿ ಪೇಂಟಿನಲ್ಲಿ.

ಒಂದು ಹೊಸ ದೂರು ಬಂದಿದೆ. ಇಷ್ಟು ದಿನ ಆ ಟ್ರಕ್ ಬರೋದು ನಾಲ್ಕು ಸಾಲು ಆಚೆಯಿಂದಲೇ ಕೇಳುತ್ತಿತ್ತು, ಎಲ್ಲರೂ ಪಕ್ಕಕ್ಕೆ ಸರಿಯುತ್ತಿದ್ದರು. ಈಗ ಸದ್ದೇ ಇಲ್ಲ. ನಿನ್ನೆ ಲೆಕ್ಕ ಬರೆಯುವವರ ಹಿಮ್ಮಡಿಗೆ ಹೋಗಿ ತಗುಲಿದೆ, ಪುಣ್ಯಕ್ಕೆ ಖಾಲಿ ಇತ್ತು. ಹುಡುಗರು ಹ್ಯಾಂಡಲ್ಲಿಗೆ ಸೈಕಲ್ ಬೆಲ್ ಕಟ್ಟಿದ್ದಾರೆ.